ಮಾವ ತೆಗೆದುಕೊಂಡ ಅಳತೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುವುದು ಸುಳ್ಳಲ್ಲ. ಆ ಕೋಪದಲ್ಲಿ ಎಷ್ಟೋ ಜನರನ್ನು ದೂರ ಮಾಡಿಕೊಂಡಿದ್ದೇನೆ, ಆಮೇಲೆ ಹೋಗಿ ಹಲ್ಲು ಕಿರಿದು ಮಾತಾಡಿಸಿ ಸರಿ ಮಾಡಿಕೊಂಡಿದ್ದೇನೆ. ಒಬ್ಬನ ವಿಷಯದಲ್ಲಿ ಮಾತ್ರ ಅದು ಆಗಲಿಲ್ಲ. ಅವನು ನನ್ನ ಸೋದರಮಾವ, ಅಮ್ಮನ ಬೆನ್ನಿಗೆ ಹುಟ್ಟಿದ ತಮ್ಮ. ದಾಸರಹಳ್ಳಿಯಲ್ಲಿ ಒಂದು ಕೋಣೆಯ ಮನೆ ಮಾಡಿಕೊಂಡು ಗಾರೆ ಕೆಲಸ ಮಾಡುತ್ತಿದ್ದ. ಅವನು ಹೋಗಿ ಎಂಟು ವರ್ಷವಾಯಿತು. ಈಗಲೂ ಯಾವುದಾದರೂ ಕಟ್ಟಡದ ಮುಂದೆ ಹಸಿ ಸಿಮೆಂಟಿನ ವಾಸನೆ ಬಂದರೆ ನಾನು ನಿಂತುಬಿಡುತ್ತೇನೆ.

ನಮ್ಮೂರು ರಾಜಾನುಕುಂಟೆಯಿಂದ ಒಳಕ್ಕೆ ಮೂರು ಮೈಲಿ. ಈಗ ಅದು ಊರೋ ಲೇಔಟೋ ಹೇಳುವುದು ಕಷ್ಟ. ನಾನು ಚಿಕ್ಕವಳಿದ್ದಾಗ ಊರ ಹಿಂದೆ ನೀಲಗಿರಿ ತೋಪಿತ್ತು. ಊರಿನ ಅಷ್ಟೂ ಹೆಂಗಸರಿಗೆ ಅದೇ ಕಕ್ಕಸು. ಬೆಳಕು ಹರಿಯುವ ಮುಂಚೆ ಚೊಂಬು ಹಿಡಿದು ಹೋಗಿಬರಬೇಕು, ತಪ್ಪಿದರೆ ಹೊತ್ತು ಮುಳುಗುವ ತನಕ ತಡೆದುಕೊಳ್ಳಬೇಕು. ತಿಂಗಳ ಆ ಮೂರು ನಾಲ್ಕು ದಿನ ಅಮ್ಮ ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಿದ್ದಳು. ಆ ದಿನಗಳ ಬಟ್ಟೆಯನ್ನು ಯಾರೂ ಇಲ್ಲದ ಹೊತ್ತು ನೋಡಿ ಹಿತ್ತಿಲಿನ ಕಲ್ಲಿನ ಮೇಲೆ ಒಗೆದು, ದನದ ಕೊಟ್ಟಿಗೆಯ ಸೂರಿಗೆ ಸಿಕ್ಕಿಸುತ್ತಿದ್ದಳು. ಬಿಸಿಲಿಗೆ ಹಾಕುವ ಮಾತೇ ಇಲ್ಲ. ಗಂಡಸರ ಕಣ್ಣಿಗೆ ಬಿದ್ದರೆ ಏನೋ ಆಗಿಬಿಡುತ್ತದೆ ಎಂಬ ಹೆದರಿಕೆ. ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಸೂರಿನಿಂದ ಬಟ್ಟೆ ತೆಗೆಯುವಾಗ ಎರಡು ಸಲ ಒದರಬೇಕು ಎಂದು ಅಮ್ಮ ನನಗೆ ಮೊದಲೇ ಹೇಳಿಕೊಟ್ಟಿದ್ದಳು. ಅದಕ್ಕೊಂದು ಕಾರಣವಿತ್ತು. ಅಮ್ಮನ ಅಮ್ಮ ಹೀಗೆಯೇ ಹುಲ್ಲಿನ ಸೂರಿಗೆ ಸಿಕ್ಕಿಸಿದ್ದ ಬಟ್ಟೆಯನ್ನು ಒದರದೆ ಕಟ್ಟಿಕೊಂಡಾಗ ಒಳಗಿದ್ದ ಚೇಳು ತೊಡೆಗೆ ಕುಟುಕಿತ್ತಂತೆ. ಪಕ್ಕದೂರಿನಿಂದ ಔಷಧಿಯವನನ್ನು ಕರೆತರಲು ಓಡಿದವನು ಆಗಿನ್ನೂ ಎಂಟು ವರ್ಷದ ಮಾವ. ಓಡಿ ಬಂದವನು ಏದುಸಿರು ಬಿಡುತ್ತಾ, ‘ಅಮ್ಮಂಗೆ ಅದೆಲ್ಲಿ ಕಚ್ಚಿದ್ದು, ಚೇಳು ಎಲ್ಲಿತ್ತು’ ಎಂದು ಕೇಳಿದ್ದಕ್ಕೆ ಅವರಪ್ಪ ಕಪಾಳಕ್ಕೆ ಬಾರಿಸಿದರಂತೆ. ಅದನ್ನು ಹೇಳುವಾಗ ಅಮ್ಮ ನಗುತ್ತಿದ್ದಳು. ‘ಅವತ್ತಿಂದ ನಿಮ್ ಮಾವ ಹೆಂಗಸ್ರ ವಿಷ್ಯ ಅಂದ್ರೆ ಬಾಯೇ ಬಿಡಲ್ಲ’ ಎನ್ನುತ್ತಿದ್ದಳು.

ನಾನು ಎಂಟನೇ ಕ್ಲಾಸಿನಲ್ಲಿ ದೊಡ್ಡವಳಾದೆ. ನಮ್ಮ ಕಡೆ ಹುಡುಗಿ ದೊಡ್ಡವಳಾದರೆ ಮೊದಲು ಸೋದರಮಾವನಿಗೆ ಹೇಳಿಕಳಿಸಬೇಕು. ಅವನು ಬಂದು ಹಸಿ ಸೊಪ್ಪಿನ ಕೊಂಬೆ ಕಡಿದು ತಂದು ಹಿತ್ತಿಲಲ್ಲಿ ಗುಡ್ಲು ಹಾಕಬೇಕು. ಹುಡುಗಿ ಹನ್ನೊಂದು ದಿನ ಅದರಲ್ಲಿ ಕೂರಬೇಕು. ಕೊನೆಗೆ ಒಸಗೆ ಮಾಡಿ, ಆರತಿ ಎತ್ತಿ, ಗುಡ್ಲನ್ನು ಕಿತ್ತು ಸುಟ್ಟುಬಿಡುತ್ತಾರೆ. ಒಸಗೆಯ ದಿನ ಮಾವ ಲಂಗ ದಾವಣಿ ತರುತ್ತಾನೆ. ನನಗೆ ಬೇರೆ ಯಾವುದರ ಮೇಲೂ ಆಸೆ ಇರಲಿಲ್ಲ, ಆ ಲಂಗ ದಾವಣಿಯೊಂದನ್ನು ಬಿಟ್ಟು. ನನ್ನ ಕ್ಲಾಸಿನ ಹುಡುಗಿಗೆ ಅವಳ ಮಾವ ತಂದದ್ದು ಹಸಿರು ಲಂಗ, ಅರಿಶಿನ ಬಣ್ಣದ ದಾವಣಿ. ಅವಳು ಅದನ್ನುಟ್ಟು ಸ್ಕೂಲಿನ ಹಬ್ಬಕ್ಕೆ ಬಂದಾಗ ನಾನು ಹೊಟ್ಟೆಕಿಚ್ಚಿನಿಂದ ಮಧ್ಯಾಹ್ನದ ಊಟ ಬಿಟ್ಟಿದ್ದೆ.

ಹೇಳಿಕಳಿಸಿದ ಮರುದಿನ ಮಾವ ಬಂದ. ಬರಿಗೈಯಲ್ಲಿ ಅಲ್ಲ, ಒಂದು ಲಗೇಜ್ ಆಟೋದಲ್ಲಿ. ಒಳಗೆ ಅತ್ತಿ ಸೊಪ್ಪಿನ ಕೊಂಬೆಗಳಿದ್ದವು, ಸರಿ. ಕೊಂಬೆಗಳ ಕೆಳಗೆ ಇಟ್ಟಿಗೆ, ಸಿಮೆಂಟು, ಒಂದು ಬಿಳಿ ಬೇಸಿನ್ನು, ಅವನು ಕೆಲಸ ಮಾಡಿದ ಅಪಾರ್ಟ್‌ಮೆಂಟುಗಳಲ್ಲಿ ಉಳಿದಿದ್ದ ಬಗೆಬಗೆಯ ಬಣ್ಣದ ಟೈಲ್ಸು. ಅಪ್ಪನ ಅಮ್ಮ, ನಮ್ಮಜ್ಜಿ, ಬಾಗಿಲಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತಳು.

‘ಇದೇನಪ್ಪ, ಗುಡ್ಲು ಆಕು ಅಂತ ಕರೆಸಿದ್ರೆ ಕಕ್ಕಸ್ ತಂದಿದ್ದೀಯಲ್ಲ.’

‘ಗುಡ್ಲೂ ಆಕ್ತೀನಿ ಕಣತ್ತೆ’ ಎಂದ ಮಾವ. ‘ಇದೂ ಕಟ್ತೀನಿ. ಇನ್ನ ಅದು ದೊಡ್ಡ ಎಣ್ಣು, ತೋಪಿಗ್ ಓಗೋದು ಬೇಡ.’

‘ಮನೆ ಮಗ್ಗುಲಲ್ಲಿ ಕಕ್ಕಸು ಇಟ್ಕಂಡು ಅನ್ನ ಉಣ್ಣಾಕಾಯ್ತದಾ?’

ಅಜ್ಜಿ ಒಂದು ಗಂಟೆ ಕೂಗಾಡಿದಳು. ಮಾವ ಹೂಂ ಅನ್ನುತ್ತಾ ಕೊಂಬೆ ನೆಟ್ಟ. ಗುಡ್ಲು ನೆಟ್ಟಗೆ ಶಾಸ್ತ್ರದ ಪ್ರಕಾರ ಬಂತು, ಅಜ್ಜಿಗೆ ಅದರಲ್ಲಿ ಒಂದು ಕುಂದೂ ಸಿಗಲಿಲ್ಲ. ಆಮೇಲೆ ಅವನು ಅದರ ಎದುರಿಗೆ ಹಿತ್ತಿಲಿನ ಇನ್ನೊಂದು ಮೂಲೆಯಲ್ಲಿ ಗೆರೆ ಎಳೆದು, ಅಪ್ಪನ ಕೈಗೆ ಗುದ್ದಲಿ ಕೊಟ್ಟು, ಗುಂಡಿ ತೋಡಲು ನಿಲ್ಲಿಸಿದ. ಅಪ್ಪ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ಮೈದುನನ ಮುಖ ನೋಡಿ ತೋಡಿದ.

ಆ ಹನ್ನೊಂದು ದಿನಗಳನ್ನು ಯಾರಾದರೂ ವಾಪಸು ಕೊಡುತ್ತೇನೆಂದರೆ ನಾನು ಈಗಲೇ ಎದ್ದು ಹೋಗುತ್ತೇನೆ. ಗುಡ್ಲಲ್ಲಿ ಕೂತ ಹುಡುಗಿ ಗಂಡಸರ ಮುಖ ನೋಡಬಾರದು. ಅದಕ್ಕೇ ಮಾವ ನನಗೆ ಬೆನ್ನು ಹಾಕಿ ಕೆಲಸ ಮಾಡಿದ, ಬೆನ್ನು ಹಾಕಿಯೇ ಇಡೀ ದಿನ ಮಾತಾಡಿದ. ಯಲಹಂಕದಲ್ಲಿ ಒಬ್ಬ ಓನರು ಬಚ್ಚಲಲ್ಲಿ ಮಲಗಿಕೊಳ್ಳುವಷ್ಟು ದೊಡ್ಡ ತೊಟ್ಟಿ ಇಡಿಸಿಕೊಂಡು, ಅದರಲ್ಲಿ ಇಳಿದು ಏಳಲಾರದೆ ಮಾವನನ್ನೇ ಕೂಗಿದ ಕತೆ. ಹೆಬ್ಬಾಳದ ಕಡೆ ಹದಿಮೂರನೇ ಮಹಡಿಯಲ್ಲಿ ನಿಂತರೆ ನಮ್ಮೂರ ಕಡೆಯ ಗುಡ್ಡ ಕಾಣುತ್ತದೆ, ಅಲ್ಲಿಂದ ನಾನು ಅವನಿಗೆ ಕೈ ಬೀಸಿದ್ದು ಕಂಡಿತ್ತು ಎಂಬ ಸುಳ್ಳು. ನಾನು ಎಲೆಗಳ ಸಂದಿಯಿಂದ ನೋಡುತ್ತಾ ಕೊಬ್ಬರಿ ಬೆಲ್ಲ ತಿನ್ನುತ್ತಿದ್ದೆ. ಕರಣೆಯಿಂದ ಗಾರೆ ಎರಚುವಾಗ ಅವನ ಬೆನ್ನಿನ ಎಲುಬು ಎದ್ದು ಬೀಳುತ್ತಿತ್ತು. ಮಾವ ಅಂದರೆ ನನಗೆ ಇವತ್ತಿಗೂ ಮುಖಕ್ಕಿಂತ ಮೊದಲು ಬೆನ್ನು ನೆನಪಿಗೆ ಬರುತ್ತದೆ.

ಒಂಬತ್ತನೇ ದಿನ ಮಧ್ಯಾಹ್ನ ಅಜ್ಜಿ ಊಟ ಮಾಡಿ ಗೊರಕೆ ಹೊಡೆಯುತ್ತಿದ್ದಳು. ಆ ಹೊತ್ತಿಗೆ ಗೋಡೆ ಎದ್ದು, ಮೇಲೆ ಕಲ್ಲು ಚಪ್ಪಡಿ ಕೂತಿತ್ತು. ಮಾವ ತಲೆ ತಗ್ಗಿಸಿಕೊಂಡೇ ಗುಡ್ಲಿನ ಹತ್ತಿರ ಬಂದು ಕರೆದ.

‘ಒಂದ್ ಗಳಿಗೆ ಆಚೆ ಬಾರವ್ವ. ನೆಟ್ಟಗೆ ನಿಂತ್ಕೊ.’

ನಿಂತೆ. ಅವನು ಗೋಡೆಯ ನೇರ ನೋಡುವ ದಾರವನ್ನು ನನ್ನ ಹಿಮ್ಮಡಿಯ ಹತ್ತಿರ ಹಿಡಿದ.

‘ಈಗ ಕೈ ಎತ್ತು. ಅಷ್ಟೊಂದ್ ಬೇಡ. ಸಲೀಸಾಗಿ ಎಷ್ಟ್ ಎತ್ತಾಕಾಯ್ತದೋ ಅಷ್ಟು.’

ದಾರವನ್ನು ನನ್ನ ಮಣಿಕಟ್ಟಿನ ತನಕ ಎಳೆದು ಅಲ್ಲಿ ಒಂದು ಗಂಟು ಹಾಕಿದ. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆಯಲಿಲ್ಲ, ಬರೆದುಕೊಳ್ಳಲಿಲ್ಲ, ಸುಮ್ಮನೆ ದಾರ ಸುತ್ತಿ ಜೇಬಿಗಿಟ್ಟುಕೊಂಡು ಹೋದ. ಲಂಗಕ್ಕೆ ಅಳತೆ. ಲಂಗಕ್ಕೆ ಕೈ ಯಾಕೆ ಎತ್ತಬೇಕು ಎಂದು ಯೋಚಿಸುವಷ್ಟು ಬುದ್ಧಿ ಎಲ್ಲಿತ್ತು? ರವಿಕೆಗೂ ಸೇರಿಸಿ ತೆಗೆದುಕೊಂಡಿರಬೇಕು, ಗಾರೆಯವನ ಅಳತೆ ಹೀಗೇ ಇರಬೇಕು ಎಂದುಕೊಂಡೆ. ಆ ರಾತ್ರಿ ಲಂಗದ ಬಣ್ಣ ಯಾವುದಿರಬಹುದೆಂದು ಹತ್ತು ಬಣ್ಣ ಎಣಿಸಿದೆ.

ಆಮೇಲಿನ ಎರಡು ದಿನ ಅವನು ಚಪ್ಪಡಿಯ ಮೇಲೆ ಸುತ್ತಲೂ ಆಳೆತ್ತರ ಗೋಡೆ ಕಟ್ಟಿದ, ಹೊರಗಿನಿಂದ ಹತ್ತಲು ಕಿರಿದಾಗಿ ಮೆಟ್ಟಿಲು ಮಾಡಿದ. ಮೇಲೆ ಆಕಾಶಕ್ಕೆ ತೆರೆದೇ ಇತ್ತು. ‘ಅಲ್ಲಿ ಏನ್ ಮಾಡ್ತೀಯ, ಪಾರಿವಾಳ ಸಾಕ್ತೀಯಾ?’ ಎಂದು ಅಪ್ಪ ಕೇಳಿದ್ದಕ್ಕೆ, ‘ಇರ್ಲಿ ಬಿಡು ಭಾವ, ಬೇಕಾಯ್ತದೆ’ ಎಂದ.

ಹನ್ನೆರಡನೇ ದಿನ ಒಸಗೆ. ಊರ ಹೆಂಗಸರೆಲ್ಲ ಬಂದಿದ್ದರು. ನನ್ನನ್ನು ಮಣೆಯ ಮೇಲೆ ಕೂರಿಸಿ, ಚಿಗಳಿ ತಂಬಿಟ್ಟು ಮಡಿಲಿಗೆ ಹಾಕಿ, ಸೋದರಮಾವ ಎಲ್ಲಿ ಎಂದು ಕೂಗಿದರು. ಮಾವ ತೊಳೆದ ಅಂಗಿ ಹಾಕಿಕೊಂಡು ಬಂದ. ಕೈಯಲ್ಲಿ ಹೂವು, ಬಳೆ, ಒಂದು ಡಜನ್ ಬಾಳೆಹಣ್ಣು. ಅಷ್ಟೇ. ನಾನು ಅವನ ಬೆನ್ನ ಹಿಂದೆ ನೋಡಿದೆ, ಕಂಕುಳಲ್ಲಿ ನೋಡಿದೆ. ಬಟ್ಟೆಯ ಕವರು ಎಲ್ಲೂ ಇರಲಿಲ್ಲ.

ಅವನು ಬಳೆ ತೊಡಿಸಲು ಅಮ್ಮನ ಕೈಗೆ ಕೊಟ್ಟು, ನನ್ನ ಕಿವಿಯ ಹತ್ತಿರ ಬಗ್ಗಿ, ನಾಚಿಕೊಂಡವನ ಹಾಗೆ ಹೇಳಿದ: ‘ಶಾಸ್ತ್ರ ಮುಗಿದ್ ಮೇಲೆ ಒಂದ್ಸಲ ಮೇಲಕ್ಕ್ ಅತ್ತಿ ನೋಡವ್ವ.’

ನನ್ನ ಕೋಪ ನೆತ್ತಿಗೇರಿತು. ಮಣೆಯ ಮೇಲೆ ಕೂತೇ ಎಲ್ಲರಿಗೂ ಕೇಳುವ ಹಾಗೆ ಅಂದೆ: ‘ಎಲ್ಲಾರ ಮಾವಂದ್ರೂ ಲಂಗ ದಾವಣಿ ತತ್ತಾರೆ. ನೀನು ಕಕ್ಕಸ್ ತಂದಿದ್ದೀಯ. ಅದ್ರ ಮೇಲ್ ಅತ್ತಿ ಬೇರೆ ನೋಡ್ಬೇಕಾ? ಅದನ್ನ ನೀನೇ ಇಟ್ಕೊ ಓಗು.’

ಹೆಂಗಸರು ಗೊಳ್ಳೆಂದು ನಕ್ಕರು. ಯಾರೋ ಒಬ್ಬಳು ‘ಕಕ್ಕಸ್ ಮಾವ’ ಅಂದಳು, ಅದು ಬಾಯಿಂದ ಬಾಯಿಗೆ ಹೋಯಿತು. ಮಾವನೂ ನಕ್ಕ. ನಗುತ್ತಲೇ ಹಿಂದೆ ಸರಿದ. ಊಟಕ್ಕೆ ಎಲೆ ಹಾಕಿ ಅಮ್ಮ ಹುಡುಕಿದಾಗ ಅವನು ಇರಲಿಲ್ಲ. ಗಾರೆಯ ಸಾಮಾನಿನ ಚೀಲವೂ ಇರಲಿಲ್ಲ. ಸಂಜೆ ಗುಡ್ಲು ಸುಡುವಾಗ ಎದುರು ಮೂಲೆಯಲ್ಲಿ ಬಣ್ಣಬಣ್ಣದ ಟೈಲ್ಸಿನ ಆ ಕಟ್ಟಡ ಬೆಂಕಿಯ ಬೆಳಕಿಗೆ ಹೊಳೆಯುತ್ತಿತ್ತು. ನಾನು ಅದಕ್ಕೂ ಮುಖ ತಿರುಗಿಸಿದೆ. ಅದರ ಮೇಲೆ ಜನ್ಮದಲ್ಲಿ ಹತ್ತುವುದಿಲ್ಲ ಎಂದು ಹಟ ಹಿಡಿದೆ.

ಮುಂದಿನ ವರ್ಷವೇ ತೋಪು ಕಡಿದರು. ಯಾರೋ ಜಾಗ ಕೊಂಡು ಸುತ್ತ ಕಾಂಪೌಂಡು ಹಾಕಿದರು. ಊರಿನ ಹೆಂಗಸರು ಎಲ್ಲಿ ಹೋಗಬೇಕು? ಒಬ್ಬೊಬ್ಬರಾಗಿ ನಮ್ಮ ಹಿತ್ತಿಲಿಗೆ ಬಂದರು, ಅವತ್ತು ಗೊಳ್ಳೆಂದು ನಕ್ಕವರೇ ಚೊಂಬು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. ನಮ್ಮಜ್ಜಿಯ ವೇಷ ನೋಡಬೇಕಿತ್ತು. ಹಿತ್ತಿಲ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು, ‘ಜಾಸ್ತಿ ನೀರ್ ಉಯ್ಯಿ, ನಮ್ ಸೊಸೆ ತಮ್ಮ ಎಂಗ್ ಕಟ್ಟವ್ನೆ ನೋಡು, ಕೊಳಕ್ ಮಾಡ್ಬೇಡ’ ಎಂದು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದಳು. ಕೇಳುವುದಕ್ಕೆ ಮಾವ ಇರಬೇಕಿತ್ತು. ಅವನು ಬರಲಿಲ್ಲ. ಹಬ್ಬಕ್ಕೆ ಕರೆದರೆ ಕೆಲಸ ಇದೆ ಎನ್ನುತ್ತಿದ್ದ. ಅಮ್ಮನೇ ವರ್ಷಕ್ಕೊಮ್ಮೆ ದಾಸರಹಳ್ಳಿಗೆ ಹೋಗಿ ನೋಡಿಬರುತ್ತಿದ್ದಳು. ಪ್ರತಿ ಸಲವೂ ‘ನಾನೂ ಬರ್ತೀನಿ’ ಎನ್ನಬೇಕೆಂದು ನಾಲಗೆಯ ತುದಿಗೆ ಬರುತ್ತಿತ್ತು. ಆಮೇಲೆ ಅವನೇ ಬರಲಿ ಎಂಬ ಬಿಗುಮಾನ.

ಮೇಲಿನ ಆಳೆತ್ತರದ ಗೋಡೆಗಳ ನಡುವೆ ಅಪ್ಪ ಒಂದು ದೊಡ್ಡ ಕಪ್ಪು ಡ್ರಮ್ ತಂದು ಕೂರಿಸಿದ. ‘ಇದಕ್ಕೇ ಇರ್ಬೇಕು ಕಟ್ಟಿದ್ದು, ಬಾಯ್ಬಿಟ್ಟು ಹೇಳೋದಲ್ವಾ’ ಎಂದ. ಎಲ್ಲರಿಗೂ ಸರಿಯೆನಿಸಿತು. ಡ್ರಮ್ಮಿಗೆ ನೀರು ಬಿಡುವುದು ಅಪ್ಪನ ಕೆಲಸ, ನನಗೂ ಮೇಲಕ್ಕೂ ಸಂಬಂಧವಿರಲಿಲ್ಲ.

ನನ್ನ ಬಟ್ಟೆ ಅಮ್ಮನ ಬಟ್ಟೆಯ ಪಕ್ಕದಲ್ಲೇ ಕೊಟ್ಟಿಗೆಯ ಸೂರಿನಲ್ಲಿ ಇರುತ್ತಿತ್ತು. ಮಳೆಗಾಲದಲ್ಲಿ ಅದು ಒಣಗುತ್ತಿರಲಿಲ್ಲ, ಒಂದು ಥರ ಮುಗ್ಗುಲು ವಾಸನೆ ಬರುತ್ತಿತ್ತು. ಹಸಿಯಾಗಿದ್ದರೂ ಅದನ್ನೇ ಕಟ್ಟಿಕೊಂಡು ಬಸ್ಸಿನಲ್ಲಿ ಯಲಹಂಕದ ಕಾಲೇಜಿಗೆ ಹೋಗುತ್ತಿದ್ದೆ. ಎರಡನೇ ಪಿಯುಸಿಯಲ್ಲಿ ತೊಡೆಯ ಸಂದಿಯಲ್ಲಿ ಹುಣ್ಣಾಗಿ, ಜ್ವರ ಬಂದು, ಒಂದು ಪರೀಕ್ಷೆಗೆ ಹೋಗಲಾಗಲಿಲ್ಲ. ಡಾಕ್ಟರಮ್ಮ ನೋಡಿ ಬೈದರು. ‘ಬಟ್ಟೆನ ಬಿಸಿಲಿಗೆ ಹಾಕಲ್ವೇನಮ್ಮ ನೀವು? ಬಿಸಿಲಿಗಿಂತ ಒಳ್ಳೆ ಔಷಧಿ ಇಲ್ಲ.’ ದಾರಿಯುದ್ದಕ್ಕೂ ಅಮ್ಮ ಗೊಣಗಿದಳು: ‘ಬಿಸಿಲು ಐತೆ. ಯಾರಿಗೂ ಕಾಣ್ದಿರೋ ಬಿಸಿಲು ಎಲ್ಲೈತೆ, ಅದನ್ನ ಹೇಳ್ಲಿ.’

ನನ್ನ ಮದುವೆಗೆ ಮಾವ ಬಂದ. ಸೋದರಮಾವನಿಲ್ಲದೆ ಹೆಣ್ಣನ್ನು ಮಂಟಪಕ್ಕೆ ಕರೆತರುವುದು ಹೇಗೆ? ನನ್ನ ಕೈ ಹಿಡಿದು ಕರೆತಂದ. ಅವನ ಅಂಗೈ ಇಟ್ಟಿಗೆಯ ಹಾಗೆ ಒರಟಾಗಿತ್ತು. ‘ಮಾವ’ ಎಂದೆ. ‘ಮುಂದೆ ನೋಡ್ಕಂಡ್ ನಡಿಯವ್ವ’ ಎಂದ. ಛತ್ರದಿಂದಲೇ ವಾಪಸು ಹೋದ, ಮನೆಗೆ ಕಾಲಿಡಲಿಲ್ಲ.

ಅದಾಗಿ ಮೂರು ವರ್ಷಕ್ಕೆ ಯಲಹಂಕದ ಬಸ್ ಸ್ಟಾಪಿನಲ್ಲಿ ಸಿಕ್ಕ. ನನ್ನ ಕಂಕುಳಲ್ಲಿ ಮಗಳು. ಅವನ ಕೂದಲಲ್ಲಿ ನರೆ ಯಾವುದು ಸಿಮೆಂಟಿನ ಧೂಳು ಯಾವುದು ಗೊತ್ತಾಗುತ್ತಿರಲಿಲ್ಲ. ಮಗುವಿನ ಗಲ್ಲ ಮುಟ್ಟಿದ, ಬಟ್ಟೆಗೆ ಕೈ ಒರೆಸಿಕೊಂಡು ಇನ್ನೊಮ್ಮೆ ಮುಟ್ಟಿದ. ಇವತ್ತು ಹೇಳಿಬಿಡುತ್ತೇನೆ, ತಪ್ಪಾಯಿತು ಅಂದುಬಿಡುತ್ತೇನೆ ಎಂದು ನಾನು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಅವನೇ ಕೇಳಿದ.

‘ಮೇಲಕ್ಕ್ ಅತ್ತಿದ್ಯೇನವ್ವ, ಒಂದ್ಸಲನಾದ್ರೂವೆ?’

‘ಡ್ರಮ್ಮಿನ ಹತ್ರಕ್ಕಾ? ಅಪ್ಪ ಹತ್ತುತ್ತೆ ಮಾವ. ನೀರು ಚೆನ್ನಾಗಿ ಬರ್ತೈತೆ.’

‘ಡ್ರಮ್ ಮಡಗವ್ರಾ’ ಎಂದ. ಊಟದ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. ‘ಒಳ್ಳೇದಾಯ್ತು ಬಿಡು. ನೀರೂ ಬೇಕಲ್ವಾ.’

ದಾಸರಹಳ್ಳಿಯ ಬಸ್ಸು ಬಂತು. ಅವನು ಊಟದ ಚೀಲ ಎದೆಗೊತ್ತಿಕೊಂಡು ಜನರ ನಡುವೆ ನುಗ್ಗಿ ಹತ್ತಿದ. ಕಿಟಕಿಯಲ್ಲಿ ಕಂಡದ್ದು ಅವನ ಬೆನ್ನು. ಮುಂದಿನ ವರ್ಷ ಎದೆ ಕಟ್ಟಿಕೊಂಡು, ಕೆಮ್ಮಿ ಕೆಮ್ಮಿ ಹೋಗಿಬಿಟ್ಟ. ನಾನು ಹೇಳಬೇಕಾದ್ದು ನನ್ನಲ್ಲೇ ಉಳಿಯಿತು.

ಈಗ ನಾನು ಯಲಹಂಕದ ಹತ್ತಿರದ ಕೋಗಿಲಿನಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ, ಆಶಾ ಕಾರ್ಯಕರ್ತೆ. ಮನೆ ಮನೆಗೆ ಹೋಗುತ್ತೇನೆ, ಕಟ್ಟಡದ ಕೆಲಸಕ್ಕೆ ಬಂದವರ ತಗಡಿನ ಶೆಡ್ಡುಗಳಿಗೂ ಹೋಗುತ್ತೇನೆ. ಹಿಂದಿನ ಬೇಸಿಗೆಯಲ್ಲಿ ಅಲ್ಲೊಂದು ಶೆಡ್ಡಿನ ಮುಂದೆ ಹೆಂಗಸರನ್ನು ಕೂರಿಸಿಕೊಂಡು ಎಂದಿನಂತೆ ಭಾಷಣ ಬಿಗಿಯುತ್ತಿದ್ದೆ. ಪ್ಯಾಡು ಸಿಗದಿದ್ದರೆ ಹತ್ತಿ ಬಟ್ಟೆ ಬಳಸಿ, ಸೋಪಿನಲ್ಲಿ ಒಗೆಯಿರಿ, ಬಿಸಿಲಲ್ಲಿ ಒಣಗಿಸಿ. ಕೊಪ್ಪಳದ ಕಡೆಯ ಒಬ್ಬ ಹೆಂಗಸು, ತಲೆಯ ಮೇಲಿನ ಸಿಂಬಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮೆತ್ತಗೆ ಕೇಳಿದಳು.

‘ಬಿಸಿಲಾಗ ಹಾಕ್ರಿ ಅಂತೀರಲ್ರಿ ಅಕ್ಕಾರ, ನೀವ್ ಎಲ್ಲಿ ಹಾಕ್ತೀರಿ?’

ಪ್ಯಾಡು ಹಾಕಿದರೆ ನನಗೆ ಕೆರೆತ, ಇವತ್ತಿಗೂ ಬಟ್ಟೆಯೇ. ಅದನ್ನು ಒಣಗಿಸುವುದು ಬಚ್ಚಲಿನ ಬಾಗಿಲ ಹಿಂದೆ, ಟವೆಲಿನ ಕೆಳಗೆ. ಹತ್ತು ವರ್ಷದಿಂದ ಊರಿಗೆಲ್ಲ ಬಿಸಿಲು ಹಂಚುತ್ತಿದ್ದೇನೆ, ನನ್ನ ಬಟ್ಟೆ ಕತ್ತಲಲ್ಲಿದೆ. ‘ಹಾಕ್ತೀನಮ್ಮ, ಎಲ್ಲೋ ಒಂದ್ ಕಡೆ’ ಎಂದು ತಡವರಿಸಿ ಎದ್ದು ಬಂದೆ. ಅವಳ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೆ.

ಅದೇ ವಾರ ಅಮ್ಮ ಫೋನ್ ಮಾಡಿದಳು. ಡ್ರಮ್ ಬಿರುಕು ಬಿಟ್ಟು ನೀರೆಲ್ಲ ಸೋರುತ್ತಿದೆ, ಅಪ್ಪನ ಕಾಲು ಉಳುಕಿದೆ, ಮೇಲೆ ಹತ್ತಿ ನೋಡುವವರಿಲ್ಲ. ಭಾನುವಾರ ಹೋದೆ. ಹಟ ಯಾವತ್ತೋ ಹಳಸಿಹೋಗಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಮೆಟ್ಟಿಲು ಹತ್ತಿದೆ. ಖಾಲಿ ಡ್ರಮ್ಮನ್ನು ಉರುಳಿಸಿ ಒಂದು ಮೂಲೆಗೆ ನೂಕಿ ನೆಟ್ಟಗೆ ನಿಂತೆ.

ಸುತ್ತ ನಾಲ್ಕು ಕಡೆಯೂ ಗೋಡೆ. ಹಿಂದೆ ತೋಪಿದ್ದ ಕಡೆ ದೂರಕ್ಕೆ ಹೊಸ ಮನೆಗಳೆದ್ದಿದ್ದವು. ಅವುಗಳ ಕಡೆಗಿನ ಗೋಡೆಯನ್ನು ಅವನು ಆಗಲೇ ಎರಡು ವರಸೆ ಇಟ್ಟಿಗೆ ಹೆಚ್ಚಿಗೆ ಇಟ್ಟು ಕಟ್ಟಿದ್ದ. ನನಗೆ ಯಾರೂ ಕಾಣುತ್ತಿರಲಿಲ್ಲ, ನಾನೂ ಯಾರಿಗೂ ಕಾಣುತ್ತಿರಲಿಲ್ಲ. ನಡುನೆತ್ತಿಯ ಮೇಲೆ ಬಿಸಿಲು ಸುರಿಯುತ್ತಿತ್ತು. ಎಡಗಡೆಯ ಗೋಡೆಯಲ್ಲಿ, ಪಾಚಿ ಒಣಗಿದ ಜಾಗದಲ್ಲಿ, ಒಂದು ಕಬ್ಬಿಣದ ಕೊಂಡಿ ಇತ್ತು. ಅಪ್ಪ ಅದಕ್ಕೆ ನೀರಿನ ಪೈಪು ಬಿಗಿದಿದ್ದ. ಎದುರು ಗೋಡೆ ನೋಡಿದೆ. ಸರಿಯಾಗಿ ಅದೇ ಎತ್ತರಕ್ಕೆ ಇನ್ನೊಂದು ಕೊಂಡಿ. ಅದರ ಕೆಳಗೆ ಗೋಡೆಯಲ್ಲೇ ಕೊರೆದ ಚಿಕ್ಕ ಗೂಡು, ಸೋಪಿನ ಪೆಟ್ಟಿಗೆ ಹಿಡಿಸುವಷ್ಟು. ಗೂಡಿಗೆ ಗುಲಾಬಿ ಬಣ್ಣದ ಒಂದೇ ಒಂದು ಟೈಲ್ಸು.

ಎರಡು ಕೊಂಡಿ ಯಾಕೆ ಎಂದು ನೋಡುತ್ತಾ ನಿಂತೆ. ಗೊತ್ತಾದ ಮೇಲೆ ಚಪ್ಪಡಿಯ ಮೇಲೆ ಕೂತುಬಿಟ್ಟೆ. ಕಪಾಳಕ್ಕೆ ಹೊಡೆಸಿಕೊಂಡಿದ್ದ ಎಂಟು ವರ್ಷದವನು ಚೇಳು ಎಲ್ಲಿತ್ತೆಂಬುದನ್ನು ಮರೆತಿರಲಿಲ್ಲ. ಅಕ್ಕನಿಗೂ ಬಾಯಿಬಿಟ್ಟು ಹೇಳಲಾರ, ಸೋದರಸೊಸೆ ನನಗೂ ಹೇಳಲಾರ. ತನಗೆ ಗೊತ್ತಿದ್ದ ಇಟ್ಟಿಗೆ ಸಿಮೆಂಟಿನಲ್ಲಿ ಹೇಳಿದ್ದ. ನಾವು ಅದರ ಮೇಲೆ ಡ್ರಮ್ ಇಟ್ಟಿದ್ದೆವು. ಎರಡನೇ ಪಿಯುಸಿಯ ಆ ಹುಣ್ಣು, ಆ ಜ್ವರ, ಹೋದ ಪರೀಕ್ಷೆ, ಎಲ್ಲದರ ಔಷಧಿ ನನ್ನ ತಲೆಯ ಮೇಲೆ ಹದಿನೈದು ಮೆಟ್ಟಿಲು ದೂರದಲ್ಲಿತ್ತು.

ಅಳು ಮುಗಿದ ಮೇಲೆ ಕೆಳಗಿಳಿದು ತಂತಿ ತಂದೆ. ಪೈಪು ಬಿಚ್ಚಿ, ಈ ಕೊಂಡಿಯಿಂದ ಆ ಕೊಂಡಿಗೆ ತಂತಿ ಎಳೆದು ಬಿಗಿದೆ. ನನ್ನ ಬ್ಯಾಗಿನಲ್ಲಿದ್ದ ಒಗೆದ ಬಟ್ಟೆಯನ್ನು ತಂದೆ; ಅವತ್ತು ನನಗೆ ಎರಡನೇ ದಿನ. ಹಾಕಲು ಹೋದರೆ ತಂತಿ ನನ್ನ ಕಣ್ಣಿಗೆ ಅಡ್ಡ ಬಂತು. ನನ್ನ ಎತ್ತರಕ್ಕೆ ಅದು ತಗ್ಗಾಗಿತ್ತು. ಮಂಡಿ ಬಗ್ಗಿಸಿ ಒಂದು ಗೇಣು ಕುಸಿದು ನಿಂತೆ, ಎಂಟನೇ ಕ್ಲಾಸಿನ ಎತ್ತರಕ್ಕೆ. ಕೈ ಎತ್ತಿದೆ. ಅಷ್ಟೊಂದಲ್ಲ, ಸಲೀಸಾಗಿ ಎಷ್ಟು ಎತ್ತಲಾಗುತ್ತದೋ ಅಷ್ಟು. ತಂತಿ ಸರಿಯಾಗಿ ಮಣಿಕಟ್ಟಿಗೆ ತಗುಲಿತು.

‘ಮೇಲಕ್ಕ್ ಅತ್ತಿದ್ದೀನಿ ಮಾವ’ ಎಂದೆ.